ಬಿಸಿಲಿನ ಮೇಲೆ ಹಾಕಿದ ಮಾತು

ಗುರುಪಾದಪ್ಪ ಬಿಸಿಲಿನ ಮಾತು ತೆಗೆದನೆಂದರೆ ಕುಶಲನ ಹೋಟೆಲಿನಲ್ಲಿ ಚಹಾ ಕುಡಿದು ಮುಗಿಸಿದವರೂ ಜಾಗ ಬಿಡುತ್ತಿರಲಿಲ್ಲ. ಪುಣೆ ಹತ್ತಿರದ ದೇಹೂ ರೋಡಿನಲ್ಲಿ ಮಾಜಿ ಫೌಜಿಗಳಿಗೇನು ಬರ? ಓಣಿಗೆ ನಾಲ್ಕು ಮಂದಿ ಸಿಗುತ್ತಾರೆ. ಒಬ್ಬ ಹಿಮದ ಕತೆ ಹೇಳುತ್ತಾನೆ, ಇನ್ನೊಬ್ಬ ಕಾಡಿನದು. ಗುರುಪಾದಪ್ಪನದು ಉಸುಕು ಮತ್ತು ಬಿಸಿಲು, ಅಷ್ಟೇ. ಇಂಡಿ ತಾಲೂಕಿನವನು, ಹತ್ತೊಂಬತ್ತಕ್ಕೆ ಪಲ್ಟನ್ನು ಸೇರಿದವನು. ಹುಟ್ಟಿದ ಊರಲ್ಲೇ ಬೇಕಾದಷ್ಟು ಬಿಸಿಲು ಕಂಡಿದ್ದ. ಆದರೂ ರಾಜಸ್ಥಾನದ ಗಡಿಯ ಬಿಸಿಲನ್ನು ಅವನು ಗುರುತಿನ ಮನುಷ್ಯನ ಹಾಗೆ, ಹಳೇ ವೈರಿಯ ಹಾಗೆ ಹೇಳುತ್ತಿದ್ದ.

"ಹನ್ನೊಂದು ಗಂಟೆ ಆತಂದ್ರ ಬಾಟಲಿಯಾಗಿನ ನೀರು ಚಹಾದ ನೀರು ನೋಡ್ರಿ. ಪುಡಿ ಹಾಕೂದೊಂದ ಬಾಕಿ. ಅದಕ್ಕ ನಾವು ಏನು ಮಾಡ್ತಿದ್ವಿ? ಕಾಲಚೀಲ ತೋಯಿಸಿ, ಅದರಾಗ ಬಾಟಲಿ ಇಳಿಸಿ, ಗಾಡಿಗೆ ಜೋತಬಿಡ್ತಿದ್ವಿ. ಗಾಳಿ ಬಡದಂಗ ನೀರು ತಣ್ಣಗ. ವಾಸನಿ ಮಾತ್ರ ಕೇಳಬ್ಯಾಡ್ರಿ."

"ಹಾಗಾದ್ರೆ ಈ ಫ್ರಿಜ್ಜು ಮಾರಿ ಒಂದು ಡಜನ್ ಸಾಕ್ಸ್ ತರ್ತೇನೆ ಮಾರಾಯ್ರೆ," ಎನ್ನುತ್ತಿದ್ದ ಉಡುಪಿ ಕಡೆಯ ಕುಶಲ, ದೋಸೆ ತಿರುವುತ್ತಾ. "ಗಿರಾಕಿಗಳಿಗೆ ಹೇಳುವುದು ನೀವೇ ಆಯ್ತಾ?"

ಎಲ್ಲರೂ ನಗುತ್ತಿದ್ದರು. ಗುರುಪಾದಪ್ಪನ ಕತೆಗಳಲ್ಲಿ ತಪ್ಪು ಮಾಡುವುದು ಯಾವಾಗಲೂ ಬಿಸಿಲೇ. ಗಾಡಿ ಕೆಟ್ಟರೆ ಬಿಸಿಲು, ಅಡುಗೆಯವನು ಜಗಳ ತೆಗೆದರೆ ಬಿಸಿಲು, ಊರಿಗೆ ಬರೆದ ಕಾಗದ ಅರ್ಧಕ್ಕೆ ನಿಂತರೆ ಪೆನ್ನಿನ ಶಾಯಿ ಒಣಗಿಸಿದ ಬಿಸಿಲು. ನಡುವೆ ಎಂದಾದರೊಮ್ಮೆ ಒಂದು ಹೆಸರು ಬರುತ್ತಿತ್ತು. "ಶಿವರಾಜ ಅಂತ ಇದ್ದ, ಅಥಣಿ ಕಡೆಯಂವ. ಅವನ್ನ ಬಿಸಲು ಒಯ್ತು." ಇಷ್ಟು ಹೇಳಿ ಲೋಟ ಕೆಳಗಿಟ್ಟು ಬೇರೆ ಕತೆಗೆ ಹೋಗುತ್ತಿದ್ದ.

ಹೆಂಡತಿ ಚನ್ನಬಸವ್ವ ಶಾಲೆಯ ಮುಖ ಕಂಡದ್ದು ಎರಡನೇ ಇಯತ್ತೆಯತನಕ. ಆದರೆ ಕಿವಿ ಭಾಳ ಚುರುಕು. ಗಂಡನ ಎಲ್ಲ ಕತೆಗೂ ಅವಳು ಮನೆಯಲ್ಲಿ ರೊಟ್ಟಿ ಬಡಿಯುತ್ತಾ ಹೂಂಗುಟ್ಟಿದವಳು. ಬೇರೆ ಕತೆಗಳು ತಾಸುಗಟ್ಟಲೆ ಹರಿಯುತ್ತವೆ, ಶಿವರಾಜನದು ಒಂದೇ ಸಾಲು. ಅದನ್ನು ಅವಳು ಗಮನಿಸಿದ್ದಳು, ಕೇಳಿರಲಿಲ್ಲ. ಒಲೆ ಮೇಲಿನ ಹಾಲಿಗೆ ಅವಸರ ಮಾಡಿದರೆ ಉಕ್ಕುತ್ತದೆ, ಗಂಡಸಿಗೆ ಅವಸರ ಮಾಡಿದರೆ ಹೊರಗೆ ಹೋಗಿಬಿಡುತ್ತಾನೆ.

ಇನ್ನೊಂದು ವಿಚಿತ್ರವೂ ಇತ್ತು. ರೊಟ್ಟಿ ಎಣಿಸಲಿ, ಬಸ್ಸಿನ ನಂಬರು ಓದಲಿ, ಗುರುಪಾದಪ್ಪ "ಐದು, ಆರು, ಸಾತ್, ಎಂಟು" ಎನ್ನುತ್ತಿದ್ದ. ಪುಣೆಯಲ್ಲಿ ಇದನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ? ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಟಿವಿಯಲ್ಲಿ ಹಿಂದಿ. ಮಾತು ಕಲಸಿದ ಹಿಟ್ಟಾಗಿರುವ ಊರು. ಚನ್ನಬಸವ್ವ ಒಮ್ಮೆ ಕೆಣಕಿದ್ದಳು: "ಏನ್ರಿ, ನಡುವಿನ ಒಂದು ಅಂಕಿ ಮರಾಠ್ಯಾರ ಮನಿಗೆ ದತ್ತಕ ಕೊಟ್ಟೀರೇನು?" ಅವನು ನಕ್ಕಿದ್ದ. ಮತ್ತೊಮ್ಮೆ ಕೆಣಕಿದಾಗ ನಗಲಿಲ್ಲ. ತಾಟು ಅಲ್ಲೇ ಬಿಟ್ಟು ಕೈ ತೊಳೆದ. ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ಮಕ್ಕಳು ಸಣ್ಣವರಿದ್ದಾಗಲೂ ಅಷ್ಟೆ, ಬೆಳಿಗ್ಗೆ ಎಬ್ಬಿಸುವಾಗ ಹೊದಿಕೆ ಎಳೆಯುತ್ತಿದ್ದನೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಫೌಜಿನ ಪದ್ಧತಿ ಇರಬೇಕು ಅಂದುಕೊಂಡಿದ್ದಳು.

ಪಲ್ಟನ್ನು ಬಿಟ್ಟ ಮೇಲೆ ಅವನು ಚಿಂಚವಾಡದ ಒಂದು ಕಾರಖಾನೆಯ ಗೇಟಿನಲ್ಲಿ ಹನ್ನೆರಡು ವರ್ಷ ಕಾವಲಿಗಿದ್ದ. ಇಬ್ಬರು ಮಕ್ಕಳ ಮದುವೆಯಾಯಿತು. ಆಮೇಲೆ ಕುಶಲನ ಹೋಟೆಲು, ಬಿಸಿಲಿನ ಕತೆ. ಬದುಕು ಹೀಗೇ ಮುಗಿಯುತ್ತದೆ ಅಂತ ಚನ್ನಬಸವ್ವ ತಿಳಿದಿದ್ದಳು.

ಹೋದ ನವೆಂಬರಿನಲ್ಲಿ ಅಲ್ಲಿನ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಅವನನ್ನು ಕರೆದರು. ಮೈಸೂರು ಕಡೆಯ ಕಂಪ್ಯೂಟರ್ ಕೆಲಸದ ಹುಡುಗಿ, ಇಂಪನಾ ಅಂತ, ಮೊಬೈಲು ಹಿಡಿದು ಮುಂದೆ ಕೂತಿದ್ದಳು. "ಅಂಕಲ್, ನೀವು ಸುಮ್ನೆ ಮಾತಾಡ್ತಾ ಹೋಗಿ, ನಾನು ರೆಕಾರ್ಡ್ ಮಾಡ್ಕೋತೀನಿ. ಸೂಪರ್ ಆಗಿರುತ್ತೆ." ಗುರುಪಾದಪ್ಪ ಕಾಲಚೀಲದ ಕತೆ ಹೇಳಿದ, ಉಸುಕಿನ ಗಾಳಿಯ ಕತೆ ಹೇಳಿದ, ಶಿವರಾಜನ ಒಂದು ಸಾಲನ್ನೂ ಹೇಳಿದ. ಆ ವಿಡಿಯೋ ಫೋನಿನಿಂದ ಫೋನಿಗೆ ಹಾರಿ ರಾಂಜಣಗಾಂವದ ಕಾರಖಾನೆಯೊಂದರಲ್ಲಿ ದುಡಿಯುವ ಅಂಬಾ ಎಂಬ ಹುಡುಗಿಯ ಕೈಗೆ ಹೋಯಿತು. ನಾಲ್ಕನೇ ದಿನಕ್ಕೆ ಫೋನು ಬಂತು.

"ಕಾಕಾರ, ನಾ ಅಂಬಾ ರೀ. ನೀವು ಹೇಳಿದ್ರಿಲ್ಲ, ಅಥಣಿ ಕಡೆ ಶಿವರಾಜ, ಅವರ ಮಗಳು. ಅವ್ವನ್ನ ಕರ್ಕೊಂಡು ಐತವಾರ ಬರ್ತೀನ್ರಿ. ಅವ್ವಗ ನಿಮ್ಮನ್ನ ಒಂದು ಮಾತು ಕೇಳಬೇಕಾಗ್ಯದ."

ಗುರುಪಾದಪ್ಪ "ಬರ್ರಿ, ಬರ್ರಿ" ಅಂದ. ಆ ವಾರ ಅವನು ಹೋಟೆಲಿಗೆ ಹೋಗಲಿಲ್ಲ.

ಐತವಾರ ತಾಯಿ ಮಗಳು ಬಂದರು. ಶಿವರಾಜನ ಹೆಂಡತಿ ಕಾಶವ್ವ ನಲವತ್ತೈದರ ಆಸುಪಾಸಿನವಳು, ಎಲುಬು ಕಾಣುವಂಥ ಕೈ, ಸೆರಗು ಕಿವಿಯ ಹಿಂದೆ ಬಿಗಿ. ಬಂದವಳು ಖುರ್ಚಿ ಒಲ್ಲೆ ಅಂತ ನೆಲಕ್ಕೆ ಕೂತಳು. ಚನ್ನಬಸವ್ವ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸಿದಳು.

"ಮೊದಲ ಉಣ್ರಿ, ಆಮ್ಯಾಲ ಮಾತು," ಅಂದಳು.

"ಇಲ್ರಿ ಅಕ್ಕಾರ. ಮೊದಲ ಅಣ್ಣಾರು ಹೇಳಲಿ. ಅಂವ ಅಲ್ಲಿ ಹೆಂಗಿದ್ದ, ಏನು ಉಣ್ತಿದ್ದ, ಯಾರ ಜೋಡಿ ನಗತಿದ್ದ. ನನಗ ಯಾರೂ ಹೇಳಿಲ್ರಿ. ಪೆಟ್ಟಿಗಿ ತಂದವರು ಪೆಟ್ಟಿಗಿ ಇಳಿಸಿ ಹೋದರು."

ಗುರುಪಾದಪ್ಪನಿಗೆ ಕತೆ ಹೇಳಲು ಬರುತ್ತಿತ್ತಲ್ಲ, ಹೇಳಿದ. ಎರಡು ಸಾವಿರದ ಎರಡನೇ ಇಸವಿ. ಗಡಿಗೆ ಫೌಜು ಹೋಗಿ ಕೂತ ವರ್ಷ. ಚಳಿಯಲ್ಲಿ ಹೂತ ಸುರಂಗಗಳನ್ನು, ಅಂದರೆ ಕಾಲಿಟ್ಟರೆ ಸಿಡಿಯುವ ನೆಲಬಾಂಬುಗಳನ್ನು, ಬೇಸಿಗೆಯಲ್ಲಿ ತೆಗೆಯಲು ಹಚ್ಚಿದರು. ಉಸುಕು ಒಂದು ಕಡೆ ನಿಲ್ಲುವ ಜಾತಿಯದಲ್ಲ. ಅದು ಸರಿದಂತೆ ಹೂತದ್ದೂ ಸರಿದಿರುತ್ತಿತ್ತು. ಹೊಟ್ಟೆ ಮೇಲೆ ಮಲಗಿ, ಸಲಾಕಿಯಿಂದ ಮೆಲ್ಲಗೆ ಚುಚ್ಚುತ್ತಾ ಮುಂದೆ ಹೋಗಬೇಕು. ಅಂಗಿಯ ಗುಂಡಿ ಕಾದು ಹೊಟ್ಟೆಗೆ ಬರೆ ಬೀಳುತ್ತಿತ್ತು.

"ನಿಮ್ಮ ಮನಿಯಾತ ಏನು ಮಾಡಿದ್ದ ಗೊತ್ತೇನವ್ವಾ? ಗುಂಡಿ ಎಲ್ಲಾ ಕಿತ್ತು ಲಾಡಿ ಹೊಲಕೊಂಡಿದ್ದ. ಸಾಹೇಬರು, ಇದೇನು ಬಾಣಂತಿ ಕುಪ್ಪಸ ಅಂದ್ರು. ಹೌದ್ರಿ ಸಾಹೇಬ್ರ, ಮನ್ಯಾಗ ಹಡದಾಳ, ನಾ ಇಲ್ಲೇ ಬಾಣಂತನ ಮಾಡಾಕತ್ತೀನಿ ಅಂದ."

ಕಾಶವ್ವ ನಕ್ಕಳು. ನಗೆ ಅವಳಿಗೆ ತಿಳಿಯದೆ ಬಂದುಬಿಟ್ಟಿತ್ತು, ಕೂಡಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಗ ಎರಡು ತಿಂಗಳ ಕೂಸಾಗಿದ್ದ ಅಂಬಾ ಈಗ ಮಗ್ಗುಲಲ್ಲಿ ಕೂತು ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ಅಣ್ಣಾರ," ಅಂದಳು ಕಾಶವ್ವ, "ನನ್ನ ಕಾಗದ ಮುಟ್ಟಿತ್ತೇನ್ರಿ ಅವಂಗ?"

"ಯಾವ ಕಾಗದವ್ವಾ?"

"ನಾ ಬರಸಿದ್ದು. ಅತ್ತಿ ಕೂಡ ಭಾಳ ಜಗಳ ಹತ್ತಿತ್ತು ನನಗ. ಕೂಸಿನ ಹೆಸರಿಡೂದಕ್ಕೂ ಅಂವ ಬರಲಿಲ್ಲ. ಸಿಟ್ಟಿಗೆ ಮಾಸ್ತರ ಮಗಳ ಕಡಿಂದ ಬರಸಿದೆ. ಬರೂದಿದ್ರ ಈಗ ಬಾ, ಇಲ್ಲಾಂದ್ರ ಬರಲೇಬ್ಯಾಡ ಅಂತ. ಆಮ್ಯಾಲ ಅಂವ ಹೋದ ಸುದ್ದಿ ಬಂತು. ಸರಕಾರಿ ಕಾಗದದಾಗ ಬರದಿದ್ರು, ಬಿಸಲಿನ ಝಳಕ್ಕ ತಲಿ ಸುತ್ತಿ ತಾನಾಗೇ ಎದ್ದು ನಿಂತ ಅಂತ. ಅತ್ತಿ ಅಂದಳು, ಬಿಸಲಲ್ಲ ಅದು, ಈಕಿ ಕಾಗದ ತಲಿ ಕೆಡಿಸ್ತು, ಸಾಯಬೇಕಂತಲೇ ಎದ್ದಾನ ಅಂತ. ಊರೂ ಹಂಗ ಅಂತು. ಇವತ್ತಿಗೂ ಅಂತದ. ಲಗ್ನ, ಸೀಮಂತ, ಒಂದಕ್ಕೂ ನನಗ ಕರಿಯಂಗಿಲ್ಲ. ಈಗ ಅಂಬಾಗ ವರ ನೋಡಾಕ ಬಂದವರೂ ಇದನ್ನ ಕೇಳಿ ಹೋದ್ರು. ಅದಿರಲಿ. ನನಗ ಖರೇ ಗೊತ್ತಾಗಬೇಕ್ರಿ. ನೀವು ಅವನ ಜೋಡಿ ಇದ್ರಿ ಅಂತ ವಿಡಿಯೋ ನೋಡಿ ತಿಳೀತು. ಅಂವ ಯಾಕ ಎದ್ದ?"

ಗುರುಪಾದಪ್ಪ ನೀರಿನ ಲೋಟ ಎತ್ತಿ ಹಾಗೇ ಕೆಳಗಿಟ್ಟ.

"ಬಿಸಲವ್ವಾ. ಬಿಸಲ. ಅದರಾಗ ಯಾರ ತಪ್ಪೂ ಇಲ್ಲ. ನಿನ್ನ ತಪ್ಪಂತೂ ಮೊದಲ ಇಲ್ಲ."

"ಎಲ್ಲಾರೂ ಬಿಸಲಾಗ ಇದ್ರಿ. ನೀವೂ ಇದ್ರಿ. ಅಂವ ಒಬ್ಬನ ಯಾಕ ಎದ್ದ?"

"ಒಬ್ಬೊಬ್ಬರ ದೇಹ ಒಂದೊಂದು ನಮೂನಿ…"

"ಏಳಬಾರದು ಅಂತ ಅವಂಗ ಗೊತ್ತಿರಲಿಲ್ಲೇನು?"

"ಗೊತ್ತಿತ್ತು."

"ಮತ್ತ್ಯಾಕ ಎದ್ದ?"

ಚನ್ನಬಸವ್ವ ಒಲೆಯ ಹತ್ತಿರದಿಂದ ಬಿಸಿ ರೊಟ್ಟಿ ತರುತ್ತಿದ್ದವಳು ಬಾಗಿಲಲ್ಲೇ ನಿಂತಳು. ಯಾಕ ಎದ್ದ, ಯಾಕ ಎದ್ದ. ಆ ಮಾತು ಅವಳ ಕಿವಿಯಲ್ಲಿ ಹೊರಳಿತು. ಎದ್ದ. ಏಳಬಾರದು. ಏಳು. ಮಕ್ಕಳ ಹೊದಿಕೆ ಎಳೆಯುತ್ತಿದ್ದ ಕೈ ಕಣ್ಣಿಗೆ ಕಟ್ಟಿತು. ಆರಾದ ಮೇಲೆ ಸಾತ್ ಅನ್ನುವ ಬಾಯಿ ಕಂಡಿತು. ಇಷ್ಟು ವರ್ಷ ಎರಡೂ ಬೇರೆ ಬೇರೆ ಅಂತ ತಿಳಿದಿದ್ದಳು, ಎರಡಕ್ಕೂ ಬೇಕಾದದ್ದು ಒಂದೇ ಶಬ್ದ.

ಸುಮ್ಮನಿದ್ದುಬಿಡಬಹುದಿತ್ತು. ಉಂಡು, ಕುಂಕುಮ ಹಚ್ಚಿಸಿಕೊಂಡು ಅವರು ಹೋಗುತ್ತಿದ್ದರು. ಗಂಡ ಸೋಮವಾರ ಮತ್ತೆ ಹೋಟೆಲಿಗೆ ಹೋಗುತ್ತಿದ್ದ. ಅವಳು ಕಾಶವ್ವನ ಕಡೆ ನೋಡಿದಳು. ಆಕೆಯ ತಾಟಿನಲ್ಲಿ ರೊಟ್ಟಿ ಮುರಿಯದೆ ಕೂತಿತ್ತು.

"ಏನ್ರಿ," ಅಂದಳು ಗಂಡನಿಗೆ, "ಆರು ಆದ ಮ್ಯಾಲ ಎಷ್ಟ್ರಿ?"

ಗುರುಪಾದಪ್ಪ ತಲೆ ಎತ್ತಿದ. "ಏನು?"

"ಅಂಕಿ. ಐದು, ಆರು. ಮುಂದ?"

"ಸಾತ್."

"ಕನ್ನಡದಾಗ ಹೇಳ್ರಿ."

ಮದುವೆಯಾದಂದಿನಿಂದ ಅವನು ಅವಳನ್ನು ಹಾಗೆ ನೋಡಿದ್ದಿಲ್ಲ. ಮಗ್ಗುಲಲ್ಲೇ ಮಲಗಿದ್ದ ವೈರಿಯನ್ನು ಈಗ ಕಂಡವನ ಹಾಗೆ ನೋಡಿದ. ಅಂಬಾ, "ಇದೇನ್ರಿ ಕಾಕೂ?" ಅಂದಳು. ಚನ್ನಬಸವ್ವ ಗಂಡನ ಮೇಲಿಂದ ಕಣ್ಣು ತೆಗೆಯಲಿಲ್ಲ. ಕಾಯುವುದು ಅವಳಿಗೆ ರೂಢಿ. ಕೈಯಲ್ಲಿದ್ದ ರೊಟ್ಟಿ ಆರಿತು. ಓಣಿಯಲ್ಲಿ ಯಾರೋ ಸ್ಕೂಟರು ಒದ್ದು ಒದ್ದು ಶುರುಮಾಡಿ ಹೋದರು.

ಕಡೆಗೆ ಗುರುಪಾದಪ್ಪ ಬಾಯಿ ತೆರೆದ. ಹೋಟೆಲಿನಲ್ಲಿ ಕತೆ ಹೇಳುವ ದನಿ ಅಲ್ಲ ಅದು.

"ಮೈದಾನದಾಗ ಹಿಂದೀನ ಮಾತಾಡಬೇಕು ಅಂತ ಹುಕುಂ ಇತ್ತವ್ವಾ. ಎಲ್ಲಾ ನಾಡಿನವರು ಕೂಡಿರ್ತಾರ, ಒಬ್ಬರ ಮಾತು ಒಬ್ಬರಿಗೆ ತಪ್ಪು ಕೇಳಬಾರದು ಅಂತ. ಆದರ ನಾವಿಬ್ಬರೂ ಕನ್ನಡದವರು. ಅಂವ ಮುಂದ ಮಕ್ಕೊಂಡು ತಗೀತಿದ್ದ, ನಾ ಹಿಂದ, ಬಾಂಬ್ ತಗದ ದಾರಿಗೆ ಕಟ್ಟಿದ ಬಿಳೀ ಪಟ್ಟಿ ಹತ್ತಿರ ನಕಾಶಿ ಹಿಡಕೊಂಡು ಎಣಸ್ತಿದ್ದೆ. ಅಲ್ಲೇ ಕನ್ನಡದಾಗ ಹರಟಿ ಹೊಡೀತಿದ್ವಿ. ಬಿಸಲು ಏರಿತಂದ್ರ ಕೆಲಸಾ ಬಂದ್. ಆಗ ನಾನ ಅವಂಗ ಒದರ್ತಿದ್ದೆ. ಏನಂತ? 'ಏಳೋ, ಸಾಕು' ಅಂತ. ದಿನಾ ಹಂಗ. ಅಂವ ನನ್ನ ದನಿಗೇ ಏಳ್ತಿದ್ದ."

ನೀರು ಕುಡಿದ.

"ಅವತ್ತು ಇನ್ನೂ ಮುಂಜಾನಿ ಎಂಟೂವರಿ ಆಗಿತ್ತು. ಗಾಳಿ ಭಾಳ ಬಿಟ್ಟಿತ್ತು. ಹಿಂದಿನಿಂದ ಹವಾಲ್ದಾರ ನನಗ ಕೇಳಿದ, ಆ ಸಾಲಿನಾಗ ಎಷ್ಟು ಉಳದಾವ ಅಂತ. ಹಿಂದ್ಯಾಗ ಕೇಳಿದ. ನಾ ನಕಾಶಿ ಮ್ಯಾಲ ಬೆರಳಿಟ್ಟು ಎಣಿಸಿದೆ. ಎಣಿಕಿ ಯಾವಾಗಲೂ ಅವ್ವನ ಮಾತಿನಾಗ ಬರ್ತದಲ್ಲವ್ವಾ. ಒದರಿದೆ. ಗಾಳಿಗಿಂತ ಜೋರ ಒದರಿದೆ. 'ಏಳು' ಅಂದೆ."

ಕಾಶವ್ವ ತಲೆ ಎತ್ತಿ ಅವನ ಬಾಯಿಯನ್ನೇ ನೋಡಿದಳು.

"ಅಂವ ಎದ್ದ. ತಾಸುಗಟ್ಟಲೆ ಮಲಗಿದ್ದ ಕಾಲು ಜೋಮು ಹಿಡದಿತ್ತು. ವಾಲಿದ. ಒಂದು ಹೆಜ್ಜಿ ಪಟ್ಟಿ ಹೊರಗ ಹೋತು. ನಕಾಶಿ ಪ್ರಕಾರ ಅಲ್ಲೇನೂ ಇರಬಾರದಿತ್ತು."

"ಎದ್ದ ಮ್ಯಾಲ ನಮ್ಮಪ್ಪ ಏನರ ಅಂದ್ರೇನ್ರಿ ಕಾಕಾರ?" ಕೇಳಿದ್ದು ಅಂಬಾ.

"ನನ್ನ ಕಡೆ ಹೊಳ್ಳಿ ನಕ್ಕನವ್ವಾ. 'ಇಷ್ಟ ಲಗೂ ಮುಗೀತೇನೋ?' ಅಂದ."

ಆಮೇಲಿನದನ್ನು ಅವನು ಗೋಡೆಗೆ ಹೇಳಿದ. ವಿಚಾರಣೆಗೆ ಕೂತ ಸಾಹೇಬರು, ಅವನು ಯಾಕೆ ಎದ್ದ ಅಂತ ಕೇಳಿದರು. ಹವಾಲ್ದಾರನಿಗೆ ಕನ್ನಡ ಬಾರದು, ಗುರುಪಾದ ಏನು ಒದರಿದ ಅಂತ ಅವನಿಗೆ ಗೊತ್ತಾಗಿರಲಿಲ್ಲ. ಗೊತ್ತಿದ್ದವರು ಇಬ್ಬರೇ, ಒಬ್ಬ ಪೆಟ್ಟಿಗೆಯಲ್ಲಿದ್ದ. "ಬಿಸಲು ಸಾಹೇಬ್ರ, ತಲಿ ಸುತ್ತಿರಬೇಕು ಅಂದೆ. ಅದನ್ನ ಬರಕೊಂಡರು. ಬಿಸಲಿಗೇನು, ಬಾಯಿ ಅದನೇನು, ಅಲ್ಲ ಅನ್ನಾಕ? ಅದರ ಮ್ಯಾಲ ಹಾಕಿದರ ಯಾರಿಗೂ ತ್ರಾಸಿಲ್ಲ ಅಂತ ತಿಳದಿದ್ದೆ. ಅದು ಹೋಗಿ ನಿನ್ನ ಮ್ಯಾಲ ಬಿದ್ದದ್ದು ನನಗ ಇವತ್ತ ಗೊತ್ತಾತವ್ವಾ. ನಿನ್ನ ಕಾಗದ ಅವಂಗ ಮುಟ್ಟಿತ್ತು. ಓದಿ ನಕ್ಕಿದ್ದ. ನನ್ನ ಹೇಣ್ತಿ ಸಿಟ್ಟಾಗ್ಯಾಳ, ಹೋಗಬೇಕಲೇ ಅಂತ ರಜಾ ಕೇಳಿದ್ದ. ಮಂಜೂರೂ ಆಗಿತ್ತು. ಇನ್ನ ಒಂಬತ್ತು ದಿನಕ್ಕ ಊರಿಗೆ ಹೊಂಡಾಂವ ಇದ್ದ."

ಚನ್ನಬಸವ್ವ ಕಾಶವ್ವನ ಮಗ್ಗುಲಿಗೆ ಬಂದು ಕೂತಳು. ಅಳುತ್ತಾಳೆ, ಹಿಡಿಯಬೇಕು ಅಂತ. ಕಾಶವ್ವ ಅಳಲಿಲ್ಲ. ತಾಟನ್ನು ಎರಡೂ ಕೈಯಿಂದ ಮುಂದೆ ಸರಿಸಿದಳು, ಅಷ್ಟೇ. ಅಂಬಾಳ ಮುಖ ಮಾತ್ರ ಕೆಂಪಾಗಿತ್ತು.

"ಇಪ್ಪತ್ತ್ಮೂರು ವರ್ಷ ಕಾಕಾರ. ಒಂದು ಕಾಗದ ಹಾಕಬೇಕಿಲ್ರಿ?"

"ಹಾಕಬೇಕಿತ್ತು."

"ಹೋಟೆಲದಾಗ ಕುಂತು ಬಿಸಲಿನ ಕತಿ ಹೇಳಾಕ ಬರ್ತಿತ್ತು!"

"ಅಂಬಾ," ಅಂದಳು ತಾಯಿ. ಕಾಶವ್ವ ಗುರುಪಾದಪ್ಪನ ಕಡೆ ತಿರುಗಿದಳು. "ಅಣ್ಣಾರ, ನಿಮ್ಮನ್ನ ಬೈಯಾಕ ನನಗ ಬಾಯಿ ಬರವಲ್ದು. ನಾಳೆ ಬಂದೀತು. ಈಗ ಒಂದು ಕೆಲಸ ಮಾಡ್ರಿ. ಅತ್ತಿ ಇನ್ನೂ ಇದ್ದಾಳ. ಹಾಸಗಿ ಹಿಡದು ಎರಡು ವರ್ಷ ಆತು. ನಾನ ಉಣಸ್ತೀನಿ, ನಾನ ತೊಳೀತೀನಿ. ತುತ್ತಿಗೊಮ್ಮೆ ನನ್ನ ಮಗನ್ನ ತಿಂದಿ ಅಂತಾಳ. ಆಕಿಗೆ ಹೇಳ್ರಿ."

ಅಂಬಾ ಫೋನು ಹಚ್ಚಿದಳು. ಆ ದಿನ ಮುದುಕಿಯನ್ನು ನೋಡಿಕೊಳ್ಳಲು ಕೂತಿದ್ದ ನೆರೆಮನೆಯ ಅಪ್ಪಿ ಎತ್ತಿದಳು. ಮುದುಕಿಯ ಕಿವಿಗೆ ಹಿಡಿ ಅಂದರು. ಇತ್ತ ಎಲ್ಲರಿಗೂ ಕೇಳುವಂತೆ ಫೋನನ್ನು ತಾಟುಗಳ ನಡುವೆ ಇಟ್ಟರು.

"ಆಯಿ, ನಾ ಗುರುಪಾದ ರೀ. ಶಿವರಾಜನ ಜೋಡಿ ಪಲ್ಟನ್ನ್ಯಾಗ ಇದ್ದೆ."

"ಯಾರು? ನನ್ನ ಶಿವೂನ ಗೆಳ್ಯಾನ?" ಕೀಲು ಸವೆದ ಬಾಗಿಲಿನ ಹಾಗಿತ್ತು ದನಿ. "ಎಲ್ಲಿ ಇದ್ದ್ಯೋ ಯಪ್ಪಾ ಇಷ್ಟ ದಿನಾ?"

ಅವನು ಹೇಳಿದ. ಎರಡನೇ ಸಲ ಹೇಳುವುದು ಮೊದಲಿಗಿಂತ ಕಷ್ಟವಿತ್ತು. ಮುದುಕಿಗೆ ಕೇಳಲೆಂದು ಒದರಿ ಹೇಳಬೇಕಾಯಿತು. ಆ ಅಂಕಿಯನ್ನೂ ಒದರಿದ. ಓಣಿಯವರು ಏನಾಯಿತೆಂದು ಕಿಟಕಿಯಲ್ಲಿ ಇಣುಕಿದರು. ಅವನು ನಿಲ್ಲಿಸಲಿಲ್ಲ. "ನಿಮ್ಮ ಸೊಸಿ ತಪ್ಪಲ್ಲ ಆಯಿ, ನನ್ನ ತಪ್ಪು" ಅಂತ ಮೂರು ಸಲ ಅಂದ.

ಆಮೇಲೆ ಮುದುಕಿ ಕೇಳಿದಳು: "ಆಕಿ ಅಲ್ಲೇ ಬಾಜೂಕ ಕುಂತಾಳೇನು?"

"ಹೌದ್ರಿ."

"ಹೂಂ. ಚಂದ ಹೇಳಿಕೊಟ್ಟಾಳ. ನೀನೂ ಚಂದ ಕಲತೀದಿ."

ಫೋನು ಕಟ್ಟಾಯಿತು.

ಗುರುಪಾದಪ್ಪ ಅದನ್ನೇ ನೋಡುತ್ತಾ ಉಳಿದ. ಇಷ್ಟು ವರ್ಷ ಹೇಳಲು ಹೆದರಿದ್ದ, ಹೇಳಿದರೆ ಉಗುಳುತ್ತಾರೆ, ಹೊಡೆಯುತ್ತಾರೆ ಅಂದುಕೊಂಡಿದ್ದ. ಹೇಳಿದರೂ ನಂಬದೆ ಇರಬಹುದು ಅನ್ನುವುದು ಅವನ ಲೆಕ್ಕದಲ್ಲೇ ಇರಲಿಲ್ಲ. ಸುಳ್ಳನ್ನು ಒಂದೇ ಸಲಕ್ಕೆ ಬರೆದುಕೊಂಡಿದ್ದರಲ್ಲ.

"ಕೇಳಿದ್ರಿಲ್ಲ?" ಅಂದಳು ಕಾಶವ್ವ. ಅವಳಿಗೆ ಆಶ್ಚರ್ಯವೇ ಆಗಿರಲಿಲ್ಲ. ಆಗ ರೊಟ್ಟಿ ಮುರಿದು ಒಂದು ತುತ್ತು ಬಾಯಿಗಿಟ್ಟಳು, ನಿಧಾನಕ್ಕೆ ಅಗಿದಳು. "ನಾ ನಂಬೀನಿ. ಅಂಬಾ ನಂಬ್ಯಾಳ. ಇನ್ನ ಆಕಿ ಇದ್ದಾಳ, ಮೈದುನ ಇದ್ದಾನ, ಊರು ಅದ."

"ನಾ ಬರ್ತೀನವ್ವಾ," ಅಂದ ಗುರುಪಾದಪ್ಪ. "ಎದುರಿಗೆ ಕುಂತು ಹೇಳ್ತೀನಿ. ಊರ ಹಿರ್ಯಾರು ಕೂಡಿದ ದೈವದ ಮುಂದ ಬೇಕಾದ್ರ ನಿಂದ್ರಸ್ರಿ."

"ಬರ್ರಿ."

"ಬಂದ್ರ ನಂಬತಾಳಂತಿ?"

"ಒಂದು ದಿನಕ್ಕ ನಂಬಂಗಿಲ್ಲ."

ನಿಜ ಹೇಳಿದ ಮೇಲೆ ಗುರುಪಾದಪ್ಪ ಇನ್ನೂ ಚನ್ನಬಸವ್ವನ ಮುಖ ನೋಡಿರಲಿಲ್ಲ. ಇನ್ನೆಷ್ಟು ದಿನ ನೋಡುವುದಿಲ್ಲವೋ. ಅವಳು ಎದ್ದು ಒಳಗೆ ಹೋಗಿ ಅಟ್ಟದ ಮೇಲಿನ ಚೀಲ ಇಳಿಸಿದಳು, ಕೊಡವಿದಳು. ಬಾಗಿಲಿಗೆ ಬಂದು ಕೇಳಿದಳು:

"ಕಾಶವ್ವಾ, ಎಷ್ಟು ದಿನದ ಅರಬಿ ಇಡಲಿ?"

"ಆಕಿ ನಂಬೂತನಕ ಅಂತ ತಿಳೀರಿ, ಅಕ್ಕಾರ."

ಚನ್ನಬಸವ್ವ ಗಂಡನ ಎರಡು ಅಂಗಿ ಮಡಚಿ ಇಟ್ಟಳು. ಸ್ವಲ್ಪ ಹೊತ್ತು ನಿಂತು, ಇನ್ನೆರಡು ಇಟ್ಟಳು. ಅವುಗಳ ಮೇಲೆ ತನ್ನದೂ ಒಂದು ಸೀರೆ ಇಟ್ಟಳು.